ಬಿದ್ದವರನ್ನು ನೆರಳಿಗೆ ಒಯ್ಯುವುದು

ನನ್ನ ಗಂಡ ಚಂದ್ರಾಮ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಎದೆಯ ರೋಗ. ಕಲ್ಲಿನ ಧೂಳು ಒಳಗೆ ಕೂತಿತ್ತು ಎಂದು ಗುಲ್ಬರ್ಗಾದ ಡಾಕ್ಟರು ಹೇಳಿದರು. ಮಣ್ಣಿಗೆ ಬಂದ ಜನ ಅವರನ್ನು ಬಹಳ ಹೊಗಳಿದರು. ಎಷ್ಟೋ ಜೀವ ಉಳಿಸಿದ ಮನುಷ್ಯ ಅಂದರು. ಅದು ನಿಜವಲ್ಲ. ಜಜ್ಜಿದ ಬೆರಳು, ಕಣ್ಣಿಗೆ ಹಾರಿದ ಚೂರು, ಬಿಸಿಲಿಗೆ ತಲೆ ತಿರುಗಿ ಬಿದ್ದವರು, ಇವೇ ಅವರ ಕೈಗೆ ಹೆಚ್ಚು ಬಂದದ್ದು. ಅವರು ಒಳ್ಳೆಯ ಮನುಷ್ಯ. ಅದಕ್ಕೆ ಸುಳ್ಳು ಸೇರಿಸಬೇಕಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ. ಗೊತ್ತಿರುವುದನ್ನು ಗೊತ್ತಿರುವ ಹಾಗೆ ಬರೆಯುತ್ತೇನೆ.

ಅವರ ಊರು ಸೇಡಂ ತಾಲ್ಲೂಕಿನ ಆಡಕಿ. ಹೊಲ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಮೀಸೆ ಬರುವ ಹೊತ್ತಿಗೇ ಶಹಾಬಾದ್ ಕಡೆಯ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗೆ ಕೆಲಸಕ್ಕೆ ಬಂದಿದ್ದರು. ಅಣ್ಣ ರಾಮಲಿಂಗ ನನಗೆ ಭಾವ. ಭಾವನ ಹೆಂಡತಿ ತುಳಜಾಬಾಯಿ. ನಾನು ಆಕೆಯನ್ನು ಅಕ್ಕ ಅನ್ನುತ್ತಿದ್ದೆ, ನಮ್ಮವರು ವೈನಿ ಅನ್ನುತ್ತಿದ್ದರು. ಶಹಾಬಾದ್ ಮತ್ತು ವಾಡಿಯ ನಡುವೆ, ರೈಲಿನ ಹಳಿಯಿಂದ ಸ್ವಲ್ಪ ಆಚೆ, ಖಣಿಯವರು ಕೂಲಿಗಳಿಗೆ ಮನೆ ಕಟ್ಟಿಸಿದ್ದರು. ಗೋಡೆ ಪರ್ಸಿ, ನೆಲ ಪರ್ಸಿ, ಮೇಲೆ ಹಾಸಿದ್ದೂ ಪರ್ಸಿ. ನಡುವೆ ಒಂದು ಹಳೇ ಸೀರೆ ಕಟ್ಟಿ ಎರಡು ಸಂಸಾರ ಮಾಡಿದೆವು. ಗಂಡಸರು ಉಳಿ ಹೊಡೆದು ಕಲ್ಲು ಎಬ್ಬಿಸುತ್ತಿದ್ದರು. ನಾನು, ಅಕ್ಕ ಮತ್ತು ಉಳಿದ ಹೆಂಗಸರು ಚೂರುಗಲ್ಲು ಹೊತ್ತು ಮೇಲೆ ಹಾಕುತ್ತಿದ್ದೆವು.

ಬೇಸಿಗೆಯಲ್ಲಿ ಖಣಿಯ ತಳ ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಅದಕ್ಕೇ ಅಲ್ಲಿ ಒಂದು ರೂಢಿ ಇತ್ತು. ಯಾರೇ ಬಿದ್ದರೂ, ಎಂಥ ಪೆಟ್ಟೇ ಆದರೂ, ಹತ್ತಿರ ಇದ್ದವರು ಕೈಯಲ್ಲಿದ್ದದ್ದು ಬಿಸಾಕಿ ಓಡಬೇಕು. ಇಬ್ಬರು ಕಂಕುಳು, ಇಬ್ಬರು ಕಾಲು ಹಿಡಿದು ಎತ್ತಬೇಕು. ದಂಡೆಯ ಮೇಲಿನ ಬೇವಿನ ಗಿಡದ ನೆರಳಿಗೆ ಒಯ್ದು ಮಲಗಿಸಬೇಕು. ನೀರು, ಗಾಡಿ, ದವಾಖಾನೆ, ಎಲ್ಲ ಅದರ ನಂತರ. ಕಾದ ಕಲ್ಲಿನ ಮೇಲೆ ಮುಗಿಲು ನೋಡುತ್ತ ಬಿಡುವುದು ಹೆಣವನ್ನು ಮಾತ್ರ, ಜೀವ ಇದ್ದವರನ್ನಲ್ಲ ಎನ್ನುತ್ತಿದ್ದರು. ಎತ್ತಲು ಓಡಿ ಬರದವನ ಜೊತೆ ಆಮೇಲೆ ಯಾರೂ ಬೀಡಿ ಹಂಚಿಕೊಳ್ಳುತ್ತಿರಲಿಲ್ಲ.

ಭಾವ ಬಿದ್ದದ್ದು ಅಂಥ ಬಿಸಿಲಿನಲ್ಲೇ. ಗೋಡೆಗೆ ಒರಗಿಸಿದ್ದ ದೊಡ್ಡ ಹಾಸುಗಲ್ಲು ಜಾರಿ ಅವರ ಬೆನ್ನಿಗೆ ಬಡಿಯಿತು. ಅವರು ಕೆಳಗಿನ ಹಂತಕ್ಕೆ ಉರುಳಿದರು. ನಮ್ಮವರು, ಬಂಡಿ ಹೊಡೆಯುವ ಬಂದೇನವಾಜ್, ಇನ್ನಿಬ್ಬರು, ನಾಲ್ವರೂ ಹಾರಿ ಹೋಗಿ ಎತ್ತಿದರು. ಬೇವಿನವರೆಗೆ ಏರು ದಾರಿ. ಓಡುತ್ತಲೇ ಒಯ್ದರು. ನಾನು ಬುಟ್ಟಿ ಹೊತ್ತು ಎದುರು ದಂಡೆಯಲ್ಲಿ ನಿಂತಿದ್ದೆ. ಭಾವನ ನಡು ಜೋಳಿಗೆಯ ಹಾಗೆ ಜೋತಿತ್ತು. ಎಷ್ಟು ಬೇಗ ಒಯ್ದರು ಎಂದು ಆಗ ಎಲ್ಲರೂ ಮೆಚ್ಚಿಕೊಂಡೆವು.

ಗುಲ್ಬರ್ಗಾದ ಆಸ್ಪತ್ರೆಯಿಂದ ಮನೆಗೆ ಬಂದಾಗ ಭಾವನಿಗೆ ಸೊಂಟದ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ಅಂದಿನಿಂದ ಹೊರಸೇ ಗತಿ. ಅಕ್ಕ ಹಗಲು ಕಲ್ಲು ಹೊತ್ತು ಬಂದು ಸಂಜೆ ಅವರ ಮೈ ಒರೆಸಿ ಮಗ್ಗುಲು ಬದಲಿಸುತ್ತಿದ್ದಳು. ಆ ಹಾಸುಗಲ್ಲನ್ನು ಯಾರೂ ಮಾರಲಿಲ್ಲ, ಅಲ್ಲೇ ಬಿದ್ದಿತ್ತು. ಅದರ ಹತ್ತಿರ ಹಾಯುವಾಗೆಲ್ಲ ಅಕ್ಕ ಅದಕ್ಕೆ ಉಗುಳಿ ಮುಂದೆ ಹೋಗುತ್ತಿದ್ದಳು.

ಕೆಲವು ವರ್ಷ ಹೀಗೇ ಕಳೆದವು. ಒಮ್ಮೆ ಸರ್ಕಾರದ ಅಧಿಕಾರಿಗಳು ಖಣಿ ನೋಡಲು ಬಂದರು. ಪ್ರಥಮ ಚಿಕಿತ್ಸೆ ಕಲಿತು ಪರೀಕ್ಷೆ ಪಾಸಾದ ಒಬ್ಬ ಮನುಷ್ಯ ಇಲ್ಲಿ ಇರಲೇಬೇಕು ಎಂದು ಹೇಳಿ ಹೋದರು. ಮರುದಿನ ಕೂಲಿಗಳ ಮೇಲಿನ ಮುಕದ್ದಮ ಶೌಕತ ಅಲಿ ನಮ್ಮವರನ್ನು ಕರೆದರು.

"ಚಂದ್ರಾಮ, ನಿನಗ ಓದ್ಲಿಕ್ಕಿ ಬರ್ತದಲ್ಲ?"

"ಏಳನೇತ್ತ ಪಾಸ್ ಆಗೀನ್ರಿ ಸಾಹೇಬ್ರ."

"ಬಸ್. ಇವತ್ತಿಂದ ನೀನೇ ಡಾಕ್ಟರ್. ಐತವಾರಕ್ಕೊಮ್ಮಿ ಶಹಾಬಾದಕ ಹೋಗು, ಅಲ್ಲಿ ಸಾಲ್ಯಾಗ ಕಲಸ್ತಾರ. ಪಾಸ್ ಆದ್ರ ದವಾಖಾನಿ ಖೋಲಿ ನಿಂದು, ಸುತ್ತಿಗಿ ಬಿಟ್ಟು ನೆರಳಾಗ ಕುಂದ್ರು. ನಪಾಸ್ ಆದ್ರ ಬ್ಯಾರೆವನಿಗಿ ಕಳಸ್ತೀನಿ. ಆಮ್ಯಾಗ ನನ್ನ ಮುಂದ ಅಳಬ್ಯಾಡ."

ನಮ್ಮವರಿಗೆ ಆಗಲೇ ಕೆಮ್ಮು ಹತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಗೋಡೆ ಹಿಡಿದು ಕೆಮ್ಮುತ್ತಿದ್ದರು. ಧೂಳು ಬಿಟ್ಟು ಬದುಕಲು ಅವರಿಗೆ ಇದ್ದ ದಾರಿ ಇದೊಂದೇ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಶಹಾಬಾದಿನ ಒಂದು ಶಾಲೆಯಲ್ಲಿ ಕ್ಲಾಸು. ವಯಸ್ಸಾದ ಡಾಕ್ಟರೊಬ್ಬರು ಕಲಿಸುತ್ತಿದ್ದರು. ರೈಲಿನವರು, ಫ್ಯಾಕ್ಟರಿಯವರು, ಖಣಿಯವರು ಎಲ್ಲ ಹುಡುಗರ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂರುತ್ತಿದ್ದರಂತೆ. ಮನೆಗೆ ಬಂದು ನಮ್ಮವರು ಹಳೇ ಧೋತರ ಮೂರು ಮೂಲೆಯಾಗಿ ಕತ್ತರಿಸಿ ಪಟ್ಟಿ ಮಾಡಿಕೊಂಡರು. ಕಟ್ಟಿ ಕಲಿಯಲು ಯಾರಾದರೂ ಬೇಕಲ್ಲ. ಭಾವ ಹೊರಸಿನಿಂದಲೇ ಕೂಗಿದರು.

"ಇಲ್ಲಿ ಬಾ. ನನ್ನಂಥಾ ಪೇಷಂಟ್ ಎಲ್ಲಿ ಸಿಗ್ತಾನ ನಿನಗ? ಎದ್ದು ಓಡಿ ಹೋಗಂಗಿಲ್ಲ, ಮ್ಯಾಲ ಚಹಾನೂ ಕೇಳಂಗಿಲ್ಲ."

ಅಂದಿನಿಂದ ಪ್ರತಿ ಸಂಜೆ ಭಾವನಿಗೆ ಒಂದು ದಿನ ಕೈ ಮುರಿಯಿತು, ಒಂದು ದಿನ ತಲೆ ಒಡೆಯಿತು, ಒಂದು ದಿನ ದವಡೆ ಜಾರಿತು. ಭಾವ ಸುಳ್ಳೇ ನರಳುತ್ತಿದ್ದರು. "ಅಯ್ಯೋ, ಡಾಕ್ಟರ್, ಸಾಯ್ತೀನಿ, ಲಗೂನ ಕಟ್ಟು" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು.

"ಮೈದುನಾ, ಮೈಗಿ ಕಟ್ಟಿದ್ದು ಸಾಕು" ಅಂದಳು ಅಕ್ಕ. "ಒಂದು ಪಟ್ಟಿ ಬಾಯಿಗೂ ಕಟ್ಟು. ನನಗ ಸ್ವಲ್ಪ ನಿದ್ದಿ ಆಗ್ಲಿ."

ಆ ಮನೆಯಲ್ಲಿ ಅಷ್ಟು ನಗು ಅದಕ್ಕೆ ಮೊದಲು ಇರಲಿಲ್ಲ. ಭಾವನಿಗೆ ಮಾಡಲು ಒಂದು ಕೆಲಸ ಸಿಕ್ಕಿತ್ತು. ಐತವಾರ ಬಂತೆಂದರೆ ಮಧ್ಯಾಹ್ನದಿಂದಲೇ ತಮ್ಮನ ದಾರಿ ಕಾಯುತ್ತಿದ್ದರು.

ಒಂದು ಐತವಾರ ನಮ್ಮವರು ಬಂದು ಒಳಗೆ ಬರದೆ ಕಟ್ಟೆಯ ಮೇಲೆ ಕೂತುಬಿಟ್ಟರು. ಕಾಲು ತೊಳೆಯಲಿಲ್ಲ.

"ಏ ಡಾಕ್ಟರ್, ಇವತ್ತೇನು ಮುರಿಯೋದು?" ಎಂದು ಭಾವ ಒಳಗಿನಿಂದ ಕರೆದರು.

"ಇವತ್ತ ಕ್ಲಾಸ್ ಇರಲಿಲ್ಲಣ್ಣ."

ಸುಳ್ಳೆಂದು ಅವರ ದನಿಯಲ್ಲೇ ತಿಳಿಯಿತು. ನೀರಿಗೆ ಹೊರಟಾಗ ನನ್ನ ಜೊತೆ ಬಂದರು. ಬಾವಿಯ ಹತ್ತಿರ ಹೇಳಿದರು. ಅಂದು ಕಲಿಸಿದ್ದು ಬೆನ್ನು ಮುರಿದವರ ಪಾಠ. ಬೆನ್ನಿನ ಎಲುಬು ಮುರಿದವನನ್ನು ಹಾಗೇ ಎತ್ತಬಾರದು. ಬಿಸಿಲಿರಲಿ ಮಳೆಯಿರಲಿ, ಬಿದ್ದಲ್ಲೇ ಬಿಡಬೇಕು. ಮೇಲೆ ಬಟ್ಟೆ ಹಿಡಿದು ನೆರಳು ಮಾಡಬೇಕು. ಹಲಗೆ ತರಿಸಿ, ತಲೆಯಿಂದ ಕಾಲಿನವರೆಗೆ ಎಲ್ಲರೂ ಒಟ್ಟಿಗೆ ಹಿಡಿದು, ಮೈ ಎಲ್ಲೂ ಬಾಗದ ಹಾಗೆ ಹಲಗೆಗೆ ತರಬೇಕು. ಕಂಕುಳು ಕಾಲು ಹಿಡಿದು ಎತ್ತಿದರೆ ಮುರಿದ ಎಲುಬು ಒಳಗಿನ ನರ ಕತ್ತರಿಸುತ್ತದೆ, ಕಾಲು ಸತ್ತುಹೋಗುತ್ತವೆ.

ಕ್ಲಾಸು ಬಿಟ್ಟ ಮೇಲೆ ನಮ್ಮವರು ಡಾಕ್ಟರನ್ನು ಕೇಳಿದ್ದರು. ನಮ್ಮ ಅಣ್ಣನ ಕಾಲು ಹೋದದ್ದು ಕಲ್ಲು ಬಿದ್ದಾಗಲೋ, ನಾವು ಎತ್ತಿದಾಗಲೋ ಎಂದು. ಡಾಕ್ಟರು ತಿರುಗಿ ಕೇಳಿದರಂತೆ, ಬಿದ್ದ ಮೇಲೆ ಆತ ಕಾಲು ಆಡಿಸಿದ್ದನೇ?

"ಆಡಿಸಿದ್ದ" ಅಂದರು ನಮ್ಮವರು. "ಚಪ್ಪಲಿ ಕಳಚಿತ್ತು. ‘ಚಪ್ಪಲಿ ಕೊಡು, ಕಾಲು ಸುಡ್ಲಕತ್ತದ’ ಅಂದ. ನಾ ಕಾಲಿನ ಹತ್ತಿರ ಇಟ್ಟೆ. ಅಂವನೇ ಕಾಲು ತುರುಕಿದ. ಆಮ್ಯಾಗ ನಾವು ಎತ್ತಿದೆವು."

ನಾನು ಕೊಡ ಬಾವಿಗೆ ಬಿಡದೆ ನಿಂತೆ. "ಭಾವಗ ಹೇಳಿ ಏನ್ ಮಾಡ್ತೀರಿ? ಹೇಳಿದ್ರ ಕಾಲು ಬರ್ತಾವೇನು?" ಅಂದೆ.

ಅವರು ನನ್ನ ಕೈಯಿಂದ ಕೊಡ ತೆಗೆದುಕೊಂಡು ಬಾವಿಗೆ ಬಿಟ್ಟರು. ಮುಂದಿನ ಐತವಾರ ಶಹಾಬಾದಿಗೆಂದು ಹೊರಟು ಸಂಜೆ ಬಂದರು. ಅದರ ಮುಂದಿನ ಐತವಾರವೂ ಹಾಗೇ. ಭಾವ ಕೇಳಿದರೆ ಹಳೇ ಪಾಠವನ್ನೇ ಕಟ್ಟಿ ತೋರಿಸುತ್ತಿದ್ದರು. ಅವರ ಕೈ ಮೊದಲಿನ ಹಾಗೆ ಇರಲಿಲ್ಲ. ಗಂಟು ಸಡಿಲ ಬೀಳುತ್ತಿತ್ತು.

ಆಮೇಲೆ ಒಂದು ದಿನ ಶೌಕತ ಅಲಿ ಮನೆಗೇ ಬಂದರು. ಹೊರಸಿನ ಮುಂದೆಯೇ ನಿಂತು ಕೇಳಿದರು.

"ಏನಪಾ ಡಾಕ್ಟರ್ ಸಾಹೇಬ, ಸಾಲಿಗಿ ಚಕ್ಕರ್ ಹೊಡೀಲಕತ್ತಿ ಅಂತ ಸುದ್ದಿ. ಪರೀಕ್ಷಾ ಹತ್ತಿರ ಬಂತು. ಬ್ಯಾರೆವನ ಹೆಸರು ಕೊಡ್ಲೇನು?"

"ಕೊಡ್ರಿ ಸಾಹೇಬ್ರ. ನನಗ ಆಗಂಗಿಲ್ಲ."

"ಇಂಥಾ ಪಾಗಲ್ ಮನುಷ್ಯಾಗ ನಾ ನೋಡಿಲ್ಲ. ನೆರಳಾಗ ಕುಂದ್ರು ಅಂದ್ರ ಬಿಸಲು ಬೇಕಂತಾನ. ಎರಡು ದಿನ ವಿಚಾರ ಮಾಡು" ಎಂದು ಬೈಯುತ್ತ ಹೋದರು.

ಭಾವ ಎಲ್ಲ ಕೇಳಿಸಿಕೊಂಡಿದ್ದರು. "ಎಲ್ಲಿಗಿ ಹೋಗ್ತಿದ್ದಿ ಐತವಾರ?" ಅಂದರು.

"ವಾಡಿ ಸ್ಟೇಷನ್ನಿಗಿ. ಕುಂತು ಬರ್ತಿದ್ದೆ."

"ಗಾಡಿ ನೋಡ್ಲಿಕ್ಕಿ? ಸಣ್ಣ ಕೂಸಿದ್ದಿಯೇನು? ಕೆಮ್ಮಿ ಕೆಮ್ಮಿ ಸಾಯ್ಲಕತ್ತಿ, ಬಂದಿದ್ದ ಕೆಲಸ ಒದೀತಿ. ಏನ್ ಕಲಸಿದ್ರು ಅವತ್ತ? ಕ್ಲಾಸ್ ಇರಲಿಲ್ಲ ಅಂದ್ಯಲ್ಲ, ಅವತ್ತಿಂದ ನಿನ್ನ ಮಾರಿ ನೆಟ್ಟಗಿಲ್ಲ. ಹೇಳು."

ನಮ್ಮವರು ಹೇಳಿಬಿಟ್ಟರು. ನಿಂತುಕೊಂಡೇ ಹೇಳಿದರು. ಚಪ್ಪಲಿಯ ಮಾತೂ ಹೇಳಿದರು. ಅಕ್ಕ ಮೂಲೆಯಲ್ಲಿ ಜೋಳದ ಹಿಟ್ಟು ಸಾಣಿಸುತ್ತಿದ್ದಳು. ಸಾಣಿಗೆ ನಿಂತಿತು.

"ಅಂದ್ರ ಕಲ್ಲಲ್ಲ" ಅಂದಳು. "ನಾ ಇಷ್ಟು ವರ್ಷ ಆ ಕಲ್ಲಿಗಿ ಉಗುಳೀನಿ. ನೀವು. ನೀವು ಮಾಡಿದ್ದು."

"ವೈನಿ, ನಮಗ ಗೊತ್ತಿರಲಿಲ್ಲ—"

"ಗೊತ್ತಿರಲಿಲ್ಲ! ಓಡಿಸಿಕೊಂಡು ಒಯ್ದ್ರಿ. ಮೂಟಿ ಒಯ್ದಂಗ ಒಯ್ದ್ರಿ. ನಾ ನಿಮ್ಮ ಕಾಲಿಗಿ ಬಿದ್ದಿದ್ದೆ ಅವತ್ತ, ಎತ್ತಿ ತಂದ್ರಿ ಅಂತ!"

ನಿಜ, ಬಿದ್ದಿದ್ದಳು. ಬೇವಿನ ಕೆಳಗೆ ನಾಲ್ವರ ಕಾಲಿಗೂ ಬಿದ್ದಿದ್ದಳು. ನಾನು ಕಣ್ಣಾರೆ ನೋಡಿದ್ದೆ.

ಭಾವ ಮುಖ ಗೋಡೆಯ ಕಡೆ ಮಾಡಿದರು. ಅಂದಿನಿಂದ ಮನೆಯಲ್ಲಿ ಮಾತು ಸತ್ತಿತು. ಅಕ್ಕ ನಮ್ಮವರ ಜೊತೆ ಮಾತು ಬಿಟ್ಟಳು. ಅವರು ಎದುರಿಗೇ ನಿಂತಿದ್ದರೂ ನನ್ನ ಕಡೆ ತಿರುಗಿ, "ನಿನ್ನ ಗಂಡಗ ಹೇಳು, ದೀಪಕ್ಕ ಎಣ್ಣಿ ಇಲ್ಲ" ಅನ್ನುತ್ತಿದ್ದಳು. ನಮ್ಮವರು ಉಣ್ಣಲು ಹೊರಗೆ ಕಟ್ಟೆಗೆ ಹೋಗತೊಡಗಿದರು. ಭಾವ ತಾಟು ಮುಟ್ಟದೆ ಹಿಂದಕ್ಕೆ ತಳ್ಳುತ್ತಿದ್ದರು. ಮನೆ ಬೇರೆ ಮಾಡೋಣ ಎಂದು ನಾನು ಅಂದೆ. ಮಗ್ಗುಲು ಬದಲಿಸಲು ಅಕ್ಕನೊಬ್ಬಳಿಗೆ ಆಗುವುದಿಲ್ಲ, ಎಲ್ಲಿಗೆ ಹೋಗಲಿ ಅಂದರು ನಮ್ಮವರು.

ಮುಕದ್ದಮರು ಕೊಟ್ಟ ಎರಡು ದಿನ ಮುಗಿದ ಸಂಜೆ ಭಾವ ಕರೆದರು.

"ಚಂದ್ರಾಮ. ಹ್ಯಾಂಗ ಎತ್ತಬೇಕಾಗಿತ್ತು?"

"ಬಿಡಣ್ಣ."

"ತೋರ್ಸು ನನಗ. ಅವತ್ತಿನ ಮಂದಿಗೇ ಕರಿ. ಹೊರಗ ಕಲ್ಲಿನ ಮ್ಯಾಗ ಮಲಗಸ್ರಿ."

ಬಂದೇನವಾಜ್ ಬಂದ. ಇನ್ನೊಬ್ಬನೂ ಬಂದ. ನಾಲ್ಕನೆಯವನು ಕೆಲಸ ಬಿಟ್ಟು ಸುಲೇಪೇಟೆಯಲ್ಲಿ ಅಂಗಡಿ ಇಟ್ಟಿದ್ದ. ಒಬ್ಬರು ಕಡಿಮೆ ಬಿದ್ದರು. ಗಂಡನ ಅಣ್ಣನ ಮೈ ಮುಟ್ಟುವ ಪದ್ಧತಿ ನಮ್ಮಲ್ಲಿ ಇಲ್ಲ. ಅವರ ಮುಂದೆ ತಲೆ ಮೇಲಿನ ಸೆರಗು ಕೂಡ ಸರಿಸುತ್ತಿರಲಿಲ್ಲ. ಭಾವನೇ ನನ್ನ ಹೆಸರು ಹಿಡಿದು ಅಂದರು, "ಸುಂದರಮ್ಮ ಹಿಡೀಲಿ. ಕಾಲು ಹಿಡೀಲಿ. ನನಗೇನು ತಿಳೀತದ?"

ಬಂದೇನವಾಜ್ ನಗಲು ಹೋಗಿ ಅತ್ತುಬಿಟ್ಟ.

ಬಾಗಿಲಿನ ಹಲಗೆ ಕಿತ್ತು ತಂದೆವು. ಅಂಗಳದ ಬರೀ ಕಲ್ಲಿನ ಮೇಲೆ ಭಾವನನ್ನು ಮಲಗಿಸಿದೆವು. ಓಣಿಯ ಜನ ಸುತ್ತ ನಿಂತರು. ನಮ್ಮವರು ತಲೆಯ ಹತ್ತಿರ ಮೊಣಕಾಲೂರಿ, ಎರಡೂ ಅಂಗೈ ಕಿವಿಯ ಪಕ್ಕ ಇಟ್ಟು ತಲೆ ಹಿಡಿದರು. ಹಾಗೇ ಕೂತು ಹೇಳುತ್ತ ಹೋದರು. ಎರಡೂ ಪಾದ ಸೇರಿಸಿ ಕಟ್ಟಿ. ಒಬ್ಬರು ಭುಜ, ಒಬ್ಬರು ಸೊಂಟ, ಒಬ್ಬರು ಕಾಲು. ಎಲ್ಲರೂ ಒಂದೇ ಕಡೆ. ನಾ ‘ಹೂಂ’ ಅನ್ನೋ ತನಕ ಯಾರೂ ಕದಲಬ್ಯಾಡ್ರಿ.

"ಹೂಂ" ಅಂದರು. ದಿಮ್ಮಿ ಹೊರಳಿಸಿದ ಹಾಗೆ ಮಗ್ಗುಲಿಗೆ ಹೊರಳಿಸಿದೆವು. ಬಾಗಿಲ ಹಲಗೆ ಬೆನ್ನಿಗೆ ಸರಿಸಿದೆವು.

"ತಲಿ ವಾರೆ ಆಯ್ತು!" ಎಂದು ಹೊಸ್ತಿಲಿನಿಂದ ಅಕ್ಕ ಚೀರಿದಳು. ಅಲ್ಲಿಯವರೆಗೆ ನೋಡುವುದಿಲ್ಲ ಎಂದು ಒಳಗೆ ಕೂತಿದ್ದಳು. "ಸುಂದರಾ, ನಿನ್ನ ಗಂಡಗ ಹೇಳು, ತಲಿ ವಾರೆ ಆಯ್ತು!"

ಆಗಿತ್ತು. ಮತ್ತೆ ಮೊದಲಿನಿಂದ ಮಾಡಿದೆವು. ಬಂದೇನವಾಜನ ಕಣ್ಣು ಇನ್ನೂ ಸುರಿಯುತ್ತಿತ್ತು. ಭಾವ ಅವನಿಗೆ, "ಅಳಬ್ಯಾಡೋ ಮಾರಾಯಾ. ಕೈ ನಡುಗ್ತದ. ಇದ್ದ ಬೆನ್ನೂ ಮುರೀತಿ" ಅಂದರು. ಎರಡನೇ ಸಲ ಸರಿಯಾಯಿತು. ಹಲಗೆ ಸಮೇತ ಎತ್ತಿದೆವು. ಭಾವ ಮೇಲೆ ನೋಡುತ್ತಿದ್ದರು. ಓಣಿಯ ತುದಿಯವರೆಗೆ ಮೆಲ್ಲಗೆ ಹೋಗಿ ತಿರುಗಿ ಬಂದೆವು.

ಇಳಿಸಿದ ಮೇಲೆ ಭಾವ ಅಂದರು, "ಇಷ್ಟು ಹೊತ್ತು ಬೇಕು ಇದಕ್ಕ. ಅವತ್ತ ನೀವು ಇಷ್ಟು ಹೊತ್ತು ನನಗ ಆ ಕಲ್ಲಿನ ಮ್ಯಾಗ ಬಿಟ್ಟಿದ್ರ, ನಾನೇ ನಿಮಗ ಬೈತಿದ್ದೆ. ಸೂಳೇಮಕ್ಕಳ್ರ್ಯಾ, ಜೀವ ಇದ್ದಾಂಗೇ ಹೆಣಾ ಮಾಡಿದ್ರಿ ಅಂತಿದ್ದೆ. ಸಾಯೂ ತನಕ ಬೈತಿದ್ದೆ."

ಆಮೇಲೆ ತಮ್ಮನನ್ನು ನೋಡಿ, "ಹೋಗು. ಪರೀಕ್ಷಾ ಕೊಡು. ನಪಾಸಾಗಿ ಬಂದ್ರ ಮನಿಗಿ ಬರಬ್ಯಾಡ" ಅಂದರು.

ಬಾಗಿಲು ಮತ್ತೆ ಹಚ್ಚಲು ಆಗಲಿಲ್ಲ, ಕೀಲು ಮುರಿದಿತ್ತು. ಆ ವಾರವೆಲ್ಲ ಗೋಣಿ ಕಟ್ಟಿಕೊಂಡು ಮಲಗಿದೆವು.

ಪರೀಕ್ಷೆಯ ದಿನ ಬೇರೆ ಊರಿನ ಡಾಕ್ಟರು ಬಂದಿದ್ದರಂತೆ. ನಮ್ಮವರು ಬೆನ್ನಿನ ಪಾಠವನ್ನೇ ರಾತ್ರಿ ಹಗಲು ಬಾಯಿಪಾಠ ಮಾಡಿದ್ದರು. ಅದನ್ನು ಯಾರೂ ಕೇಳಲಿಲ್ಲ. ಹಾವು ಕಡಿದರೆ ಏನು ಮಾಡುತ್ತೀ, ಸುಣ್ಣದ ಭಟ್ಟಿಯಲ್ಲಿ ಕೈ ಸುಟ್ಟರೆ ಏನು ಮಾಡುತ್ತೀ ಎಂದು ಕೇಳಿದರು. ಒಬ್ಬ ರೈಲ್ವೆ ಗ್ಯಾಂಗಿನವನನ್ನು ಮಲಗಿಸಿ ಮೊಣಕಾಲಿಗೆ ಪಟ್ಟಿ ಕಟ್ಟಿಸಿದರು. ಹಾವಿನ ಪ್ರಶ್ನೆಗೆ ತಡವರಿಸಿದರಂತೆ. ಆದರೂ ಪಾಸಾದರು. ಸರ್ಟಿಫಿಕೇಟ್ ಮಳೆಗಾಲದಲ್ಲಿ ಬಂತು. ಭಾವ ಅದನ್ನು ಎದೆಯ ಮೇಲೆ ಇಟ್ಟುಕೊಂಡು, ಬಂದವರಿಗೆಲ್ಲ ಅದರ ಮೇಲಿನ ಮುದ್ರೆ ತೋರಿಸಿದರು. ಅಕ್ಕ ನೋಡಲಿಲ್ಲ.

ನಮ್ಮವರು ಸುತ್ತಿಗೆ ಬಿಟ್ಟರು. ದವಾಖಾನೆ ಖೋಲಿ ಅಂದರೆ ಒಂದು ಸಣ್ಣ ಕೋಣೆ. ಒಳಗೆ ಬಿಳಿ ಪೆಟ್ಟಿಗೆ, ಒಂದು ಬೆಂಚು, ಗೋಡೆಗೆ ನಿಲ್ಲಿಸಿದ ಉದ್ದ ಹಲಗೆ. ಕೆಲಸದವರು ಬೀಡಿ ಸೇದುವ ಹೊತ್ತಿನಲ್ಲಿ ಅವರು ಎಲ್ಲರಿಗೂ ಹೇಳುತ್ತಿದ್ದರು, ಬಿದ್ದವರನ್ನು ಎತ್ತಬೇಡಿ, ನನ್ನನ್ನು ಕರೆಯಿರಿ ಎಂದು. ಜನ ಹೂಂ ಅನ್ನುತ್ತಿದ್ದರು. ನಂಬುತ್ತಿರಲಿಲ್ಲ. ಕಾದ ಕಲ್ಲಿನ ಮೇಲೆ ಬಿದ್ದವನನ್ನು ನೋಡುತ್ತ ನಿಲ್ಲುವುದು ಮನುಷ್ಯರು ಮಾಡುವ ಕೆಲಸವೇ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಭಾವ ತಮ್ಮನನ್ನು ಕ್ಷಮಿಸಿದ್ದರು. ಅಕ್ಕ ಕ್ಷಮಿಸಿರಲಿಲ್ಲ. ಅಕ್ಕನ ಮಾತು ನನ್ನ ಮೂಲಕವೇ ನಡೆದಿತ್ತು. ಅದು ನಮ್ಮವರನ್ನು ಒಳಗೇ ತಿನ್ನುತ್ತಿತ್ತು. ಒಮ್ಮೆ ನನ್ನ ಹತ್ತಿರ, "ವೈನಿ ಬೈದ್ರೂ ಚಲೋ ಇತ್ತು" ಅಂದರು.

ಮುಂದಿನ ಬೇಸಿಗೆಯಲ್ಲಿ ಅನಸುಬಾಯಿ ಬಿದ್ದಳು. ನಮ್ಮ ಜೊತೆ ಕಲ್ಲು ಹೊರುತ್ತಿದ್ದವಳು. ಬುಟ್ಟಿ ಹೊತ್ತು ಏರುವಾಗ ಕಾಲು ಜಾರಿ, ಬೆನ್ನು ಕೆಳಗಾಗಿ ತಳಕ್ಕೆ ಬಿದ್ದಳು. ನಡು ಮಧ್ಯಾಹ್ನ. ಅವಳ ಗಂಡ ಮತ್ತು ಇನ್ನೂ ಕೆಲವರು ಓಡಿ ಬಂದು ಕಂಕುಳಿಗೆ ಕೈ ಹಾಕಿದರು. ನಾನು ಬುಟ್ಟಿ ಎಸೆದು ನಮ್ಮವರನ್ನು ಕರೆಯಲು ಮೇಲೆ ಓಡಿದೆ. ನಾವಿಬ್ಬರೂ ತಿರುಗಿ ಬರುವಾಗ ಮೇಲಿನಿಂದಲೇ ಅಕ್ಕನ ದನಿ ಕೇಳಿಸಿತು.

"ಮುಟ್ಟಬ್ಯಾಡ್ರೋ! ಕೈ ತಗೀರಿ! ಮುಟ್ಟಿದವನ ಕೈ ಕಡೀತೀನಿ!"

"ಆಕಿ ನನ್ನ ಹೇಣ್ತಿ! ಸುಟ್ಟು ಹೋಗ್ತಾಳ!" ಎಂದು ಅನಸುಬಾಯಿಯ ಗಂಡ ಒದರುತ್ತಿದ್ದ.

"ನಿನ್ನ ಹೇಣ್ತಿ ಅಂತೇ ಹೇಳ್ಲಕತ್ತೀನಿ. ನನ್ನ ಗಂಡನ್ನ ನೋಡೀಯಿಲ್ಲ? ಆಕಿಗೂ ಹೊರಸಿಗಿ ಹಾಕ್ತೀಯೇನು? ನಿನ್ನ ಧೋತರ ಬಿಚ್ಚು, ಮ್ಯಾಲ ಹಿಡಿ. ನಾಚಬ್ಯಾಡ, ಬಿಚ್ಚು!"

ನಾವು ಇಳಿದು ಹೋಗುವ ಹೊತ್ತಿಗೆ ಅಕ್ಕ ಕಾದ ಕಲ್ಲಿನ ಮೇಲೆ ಮೊಣಕಾಲೂರಿ, ಸೆರಗು ಬಿಚ್ಚಿ ಅನಸುಬಾಯಿಯ ಮುಖದ ಮೇಲೆ ಹಿಡಿದಿದ್ದಳು. ಆ ಗಂಡಸು ಬರೀ ಚಡ್ಡಿಯಲ್ಲಿ ನಿಂತು ಧೋತರದ ಒಂದು ತುದಿ ಹಿಡಿದಿದ್ದ. ಇನ್ನೊಂದು ತುದಿ ಬಂದೇನವಾಜನ ಕೈಯಲ್ಲಿತ್ತು. ಬೇರೆಯವರು ಬಿಸಿಲಿನ ಕಡೆ ಬೆನ್ನು ಮಾಡಿ ಒತ್ತೊತ್ತಾಗಿ ನಿಂತಿದ್ದರು. ಅನಸುಬಾಯಿ ಸುಡುತ್ತದೆ, ಸುಡುತ್ತದೆ ಎಂದು ಅಳುತ್ತಿದ್ದಳು. ಯಾರೂ ಎತ್ತಿರಲಿಲ್ಲ.

ನಮ್ಮವರು ಹಲಗೆ ಕೆಳಗಿಟ್ಟು ಒಂದು ಗಳಿಗೆ ನಿಂತುಬಿಟ್ಟರು. ಅಕ್ಕ ತಲೆ ಎತ್ತಿ ಅವರನ್ನು ನೋಡಿದಳು.

"ಏನ್ ನೋಡ್ಲಕತ್ತಿ ಚಂದ್ರಾಮ? ಬಾ. ತಲಿ ನೀ ಹಿಡಿ. ವಾರೆ ಮಾಡಬ್ಯಾಡ."

ಅವರು ಹೋಗಿ ತಲೆ ಹಿಡಿದರು.

ಅನಸುಬಾಯಿಯ ಬೆನ್ನಿನ ಎಲುಬು ಸೀಳಿತ್ತಂತೆ. ಗುಲ್ಬರ್ಗಾದಲ್ಲಿ ಬಹಳ ದಿನ ಮಲಗಿದ್ದಳು. ಎದ್ದು ನಡೆದು ಬಂದಳು. ಕಲ್ಲು ಹೊರಲು ಆಗಲಿಲ್ಲ, ಚಹಾದ ಅಂಗಡಿ ಹಾಕಿದಳು. ಎತ್ತಿದ್ದರೆ ಏನಾಗುತ್ತಿತ್ತು ಎಂದು ಯಾರಿಗೂ ಗೊತ್ತಿಲ್ಲ. ನಮ್ಮವರೂ ಹಾಗೇ ಹೇಳುತ್ತಿದ್ದರು. ಅವಳ ಬೆನ್ನಿನ ಚರ್ಮ ಮಾತ್ರ ಕಲ್ಲಿಗೆ ಸುಟ್ಟು ಕಲೆಯಾಗಿತ್ತು. ಅದನ್ನು ತೋರಿಸಿ ಅವಳು ನಮ್ಮ ಮನೆಯವರನ್ನು ಹಾಸ್ಯಕ್ಕೆ ಬೈಯುತ್ತಿದ್ದಳು.

ಅಂದು ಅನಸುಬಾಯಿಯನ್ನು ಒಯ್ದ ಗಾಡಿ ಹೋದ ಮೇಲೆ ಮೂವರೂ ಮನೆಗೆ ಹೊರಟೆವು. ಅಕ್ಕ ನಮ್ಮವರ ಪಕ್ಕದಲ್ಲೇ ನಡೆಯುತ್ತ, ಅನಸುಬಾಯಿಯ ಗಂಡನಿಗೆ ಧೋತರ ಬಿಚ್ಚು ಅಂದರೆ ಎಷ್ಟು ಹೊತ್ತು ಮಾಡಿದ, ಹಲಗೆ ತರಲು ಇವರು ಎಷ್ಟು ತಡ ಮಾಡಿದರು ಎಂದು ಇಬ್ಬರನ್ನೂ ಒಟ್ಟಿಗೇ ಬೈಯುತ್ತಿದ್ದಳು. ನಮ್ಮವರು ಹೂಂ ವೈನಿ, ಹೂಂ ವೈನಿ ಅನ್ನುತ್ತಿದ್ದರು. ಅವರ ನಡುವೆ ನನಗೇನೂ ಕೆಲಸ ಇರಲಿಲ್ಲ. ನಾನು ನನ್ನ ಬುಟ್ಟಿ, ಅಕ್ಕನ ಬುಟ್ಟಿ ಎರಡೂ ಹೊತ್ತು ಹಿಂದೆ ಬಂದೆ.